ಕೊನೆಯ ನೂರು ಮೀಟರ್

ಐದನೇ ತಾರೀಖು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಠಾಣೆಗೆ ಬಂದ ದೂರು ನಾಲ್ಕು ಪುಟದ್ದಾಗಿತ್ತು. ಎಡಗಡೆ ಅಂಚು ಬಿಟ್ಟು, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಗುಂಡಗಿನ ಅಕ್ಷರಗಳಲ್ಲಿ ಬರೆದಿದ್ದರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇನ್ಸ್‌ಪೆಕ್ಟರ್ ಕಣ್ಣೀರು ಬಿದ್ದ ದೂರು ಕಂಡಿದ್ದರು, ಕಾಫಿ ಚೆಲ್ಲಿದ ದೂರು ಕಂಡಿದ್ದರು, ಅಂಚಿಗೆ ಗೆರೆ ಎಳೆದ ದೂರು ಇದೇ ಮೊದಲು. ಓದುವ ಮೊದಲೇ ಹತ್ತಕ್ಕೆ ಎಂಟು ಅಂಕ ಹಾಕಿಬಿಡೋಣ ಅನ್ನಿಸಿತು.

“ಮೇಷ್ಟ್ರಾ?” ಎಂದು ಕೇಳಿದರು.

“ಪಿ.ಟಿ. ಮೇಷ್ಟ್ರು. ರಿಟೈರಾಗಿ ಮೂರು ವರ್ಷ ಆಯ್ತು.”

ಎದುರಿಗೆ ಕೂತವರ ಬೆನ್ನು ಕುರ್ಚಿಗೆ ತಾಗಿರಲಿಲ್ಲ. ಪಕ್ಕದಲ್ಲಿ ಅವರ ತಮ್ಮನ ಹೆಂಡತಿ, ಕರ್ಚೀಫನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ತಮ್ಮ ಲಾರಿ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಾನೆ. ಹಾಗಾಗಿ ಮಗಳನ್ನು ಮೈದಾನಕ್ಕೆ ಕರೆದೊಯ್ದವರು, ಓಡಿಸಿದವರು, ಬಿದ್ದಾಗ ಮಂಡಿಗೆ ಔಷಧಿ ಹಚ್ಚಿದವರು ಎಲ್ಲ ಈ ದೊಡ್ಡಪ್ಪನೇ. ಆ ಮಗಳು ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಹತ್ತೊಂಬತ್ತು ವರ್ಷ. ಕಾಲುಗಳು ಎಷ್ಟು ಉದ್ದವೆಂದರೆ ಹೋಗಿಬರುವ ಪೇದೆಗಳೆಲ್ಲ ಅವನ್ನು ದಾಟಿಕೊಂಡೇ ಓಡಾಡಬೇಕಿತ್ತು. ಮನೆಯಲ್ಲಿ ಅವಳನ್ನು ಮಿಡತೆ ಅನ್ನುತ್ತಿದ್ದರು.

ದೂರಿನ ಸಾರಾಂಶ ಇಷ್ಟು. ಹೋದ ತಿಂಗಳು ಹದಿನಾಲ್ಕನೇ ತಾರೀಖು ಭಾನುವಾರ ಸಂಜೆ ನಾಲ್ಕು ನಲವತ್ತಕ್ಕೆ ಕ್ರೀಡಾ ಕೇಂದ್ರದ ಮೈದಾನದಲ್ಲಿ ಎಂಟುನೂರು ಮೀಟರ್ ಫೈನಲ್. ಹುಡುಗಿ ಗೆದ್ದಳು. ಗೆದ್ದವರ ಮೂತ್ರ ಪರೀಕ್ಷೆ ಮಾಡುವುದು ನಿಯಮ. ಈ ತಿಂಗಳು ಎರಡಕ್ಕೆ ಪತ್ರ ಬಂತು: ಮೂತ್ರದಲ್ಲಿ ನಿಷೇಧಿತ ಔಷಧಿ ಇದೆ, ತಕ್ಷಣದಿಂದ ಅಮಾನತು. ಹದಿನಾರಕ್ಕೆ ವಿಚಾರಣೆ. ಔಷಧಿ ಮೈಯೊಳಗೆ ಹೇಗೆ ಬಂತೆಂದು ಅವಳೇ ತೋರಿಸಬೇಕು. ತೋರಿಸದಿದ್ದರೆ ಎರಡು ವರ್ಷ ನಿಷೇಧ. ನಾಲ್ಕು ತಿಂಗಳಿಗೆ ದೊಡ್ಡ ಕೂಟದ ಆಯ್ಕೆ ಇದೆ.

ನಾಲ್ಕನೇ ಪುಟದ ಕೊನೆಯಲ್ಲಿ ಅಪರಾಧಿಯ ಹೆಸರೂ ಇತ್ತು. ಕ್ರೀಡಾ ಕೇಂದ್ರದ ಹೊಸ ಕೋಚ್. ಹೆಸರಿನ ಕೆಳಗೆ ಎರಡು ಗೆರೆ.

“ತಾನೇ ತಯಾರು ಮಾಡಿದ ಹುಡುಗಿಗೆ ಕೋಚ್ ಯಾಕೆ ಹಾಕ್ತಾನೆ?”

“ತಯಾರು ಮಾಡಿದ್ದು ಅವನಲ್ಲ ಸರ್.” ಉತ್ತರ ಪ್ರಶ್ನೆಗಿಂತ ಮೊದಲೇ ಹೊರಟಂತಿತ್ತು. “ಬೇರೆ ಏನೋ ಕೊಟ್ಟಿರ್ತಾನೆ. ಅದು ಗೊತ್ತಾಗ್ದೆ ಇರ್ಲಿ ಅಂತ ಇದನ್ನ ಕೊಟ್ಟು ತೊಳೆದಿರ್ತಾನೆ.”

“ನೋಡಿದೀರಾ?”

“ನೋಡ್ಬೇಕಾ? ಬಾಟಲಿ ತುಂಬ್ಸೋನು ಅವನು, ಬೀಗ ಹಾಕೋನು ಅವನು.”

“ಭಾವ, ಸ್ವಲ್ಪ ಮೆತ್ತಗೆ ಹೇಳಿ,” ಎಂದಳು ತಾಯಿ.

ಅವರು ಹೋದ ಮೇಲೆ ಹೆಡ್ ಕಾನ್‌ಸ್ಟೆಬಲ್ ಬಾಗಿಲು ಸರಿಸಿದ. ಠಾಣೆಯಲ್ಲಿ ಎಲ್ಲರೂ ಅವನನ್ನು ಟೇಪ್ ಎನ್ನುತ್ತಿದ್ದರು. ಒಮ್ಮೆ ಕೇಳಿದ ದನಿ ಅವನ ಗಂಟಲಲ್ಲಿ ಖಾಯಂ ಬಾಡಿಗೆಗೆ ಕೂತುಬಿಡುತ್ತಿತ್ತು. ಬೆನ್ನು ನೆಟ್ಟಗೆ ಮಾಡಿ, ಗದ್ದ ಒಳಗೆಳೆದುಕೊಂಡು, “ತಯಾರು ಮಾಡಿದ್ದು ಅವನಲ್ಲ ಸರ್,” ಎಂದ. ಇನ್ಸ್‌ಪೆಕ್ಟರ್ ತಲೆಯೆತ್ತಿ ಬಾಗಿಲ ಕಡೆ ನೋಡಿದರು, ಮೇಷ್ಟ್ರು ಮರಳಿ ಬಂದರೇನೋ ಎಂದು.

“ಅಲ್ಲ ಸಾರ್, ಒಂದ್ ವಿಷ್ಯ,” ಎಂದ ಟೇಪ್ ತನ್ನದೇ ದನಿಗೆ ಇಳಿದು. “ಮನುಷ್ಯ ಪೂರಾ ಒಂದೇ ಮಟ್ಟದಲ್ಲಿ ಮಾತಾಡ್ತಾನೆ, ಕವಾಯತಿನ ಥರ. ‘ಅವನು’ ಅಂದಾಗ ಮಾತ್ರ ದನಿ ಅರ್ಧ ಮೆಟ್ಟಿಲು ಹತ್ತುತ್ತೆ. ನಾನ್ ಮಾಡ್ಬೇಕಾದ್ರೆ ಗೊತ್ತಾಯ್ತು.”

“ನಿನ್ನ ಸಂಗೀತ ಪರೀಕ್ಷೆ ಆಮೇಲೆ. ಎಫ್‌ಐಆರ್ ಬರಿ.”

ಹನ್ನೆರಡು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಹಾನಿಕಾರಕ ಔಷಧಿ ಉಣಿಸಿದ ಆರೋಪ. ಆರೋಪಿ ಕಲಮಿನಲ್ಲಿ ಇನ್ಸ್‌ಪೆಕ್ಟರ್ ಬರೆಸಿದ್ದು ಕೋಚ್‌ನ ಹೆಸರನ್ನಲ್ಲ, ‘ಅಪರಿಚಿತ’ ಎಂದು.

ಹನ್ನೆರಡೂ ನಲವತ್ತಕ್ಕೆ ಮೇಲಿನ ಸಾಹೇಬರ ಫೋನು ಬಂತು. ಪತ್ರಿಕೆಯವರು ಕೇಳುತ್ತಿದ್ದಾರೆ, ವಿಚಾರಣೆಗೆ ಮೊದಲೇ ಮುಗಿಸಬೇಕು ಎಂದರು. “ಎಸ್ ಸರ್,” ಎಂದರು ಇನ್ಸ್‌ಪೆಕ್ಟರ್. ಈ ಸಾಹೇಬರು ಹನ್ನೊಂದು ವರ್ಷದ ಹಿಂದೆ ಕೆಲಸ ಕಲಿಯಲು ಬಂದು ಇದೇ ಕೋಣೆಯಲ್ಲಿ, ಇದೇ ಮೇಜಿನ ಪಕ್ಕ ಮುಕ್ಕಾಲಿ ಹಾಕಿಕೊಂಡು ಕೂತಿದ್ದರು. ಪಂಚನಾಮೆಯಲ್ಲಿ ದಿಕ್ಕು ಬರೆಯಬೇಕೆಂದು ಗೊತ್ತಿಲ್ಲದೆ ಪಂಚರನ್ನೇ ದಿಕ್ಕಾಪಾಲು ಮಾಡಿದ್ದರು. ಪೂರ್ವದಿಂದ ಶುರು ಮಾಡು ಎಂದು ಕೈ ಹಿಡಿದು ಬರೆಸಿದ್ದು ಇನ್ಸ್‌ಪೆಕ್ಟರ್. ಹೋದ ತಿಂಗಳು ಸಾಹೇಬರು ಹೊಸಬರಿಗೆ ಕೊಟ್ಟ ತರಬೇತಿಯಲ್ಲಿ ಅದೇ ಮಾತನ್ನು ಹೇಳಿದರಂತೆ, ಭಾರಿ ಚಪ್ಪಾಳೆಯಂತೆ. ಎಲ್ಲಿ ಕಲಿತಿರಿ ಎಂದು ಯಾರೂ ಕೇಳಲಿಲ್ಲವಂತೆ. ಫೋನು ಇಟ್ಟ ಮೇಲೆ ಇನ್ಸ್‌ಪೆಕ್ಟರ್ ಎದೆಯ ಕೆಳಗೆ ಉಜ್ಜಿಕೊಂಡರು. ಆಸಿಡಿಟಿ ಎಂದು ಮನೆಯಲ್ಲಿ ಹೇಳಿದ್ದರು, ಮಾತ್ರೆಯನ್ನೂ ನುಂಗುತ್ತಿದ್ದರು. ಮಾತ್ರೆ ಹೊಟ್ಟೆಯ ಉರಿಗೆ ಮಾತ್ರ ಕೆಲಸ ಮಾಡುತ್ತಿತ್ತು.

ಮಂಗಳವಾರ ಆರನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಕ್ರೀಡಾ ಕೇಂದ್ರಕ್ಕೆ ಹೋದರು. ಕೋಚ್‌ನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಕಬ್ಬಿಣದ ಬೀರು. ಬೀರಿನೊಳಗೆ ಬಾಟಲಿಗಳು ಸಾಲಾಗಿ ನಿಂತಿದ್ದವು. ಪ್ರತಿ ಮುಚ್ಚಳದ ಸುತ್ತ ಕಾಗದದ ಪಟ್ಟಿ, ಪಟ್ಟಿಯ ಮೇಲೆ ನಂಬರ್ ಮತ್ತು ಇಬ್ಬರ ಸಹಿ.

“ಒಂದು ಸಹಿ ನಂದು, ಇನ್ನೊಂದು ಓಡೋರದ್ದು,” ಎಂದ ಕೋಚ್. ನಲವತ್ತರ ಒಳಗಿನವನು. ಮಾತನ್ನೂ ಸೆಕೆಂಡಿನಲ್ಲಿ ಅಳೆದು ಕೊಡುವವನು. “ಪಟ್ಟಿ ಹರಿದಿದ್ರೆ ಕುಡಿಯಲ್ಲ. ಕಣ್ಣು ತಪ್ಪಿದ ಬಾಟಲಿ ಚೆಲ್ಲಿಬಿಡ್ತಾರೆ.”

“ಅವತ್ತು ಅವಳ ಬಾಟಲಿ?”

“ಎರಡು. ಒಂದರಲ್ಲಿ ಉಳಿದ ನೀರು ಪರೀಕ್ಷೆಗೆ ಹೋಗಿದೆ. ಏನೂ ಇಲ್ಲ.”

“ಮೇಷ್ಟ್ರು ನಿಮ್ಮ ಹೆಸರು ಹೇಳ್ತಾರೆ.”

“ಹೇಳ್ತಾರೆ.” ಕೋಚ್ ಬೀರು ಮುಚ್ಚಿದ. “ಎರಡು ವರ್ಷದ ಹಿಂದೆ ಅವಳನ್ನ ಇಲ್ಲಿಗೆ ಕರ್ಕೊಂಡ್ ಬಂದು ಬಿಟ್ಟವರೂ ಅವರೇ. ಅವಳ ಓಟದ ಲೆಕ್ಕ ಬರೆದ ಹನ್ನೊಂದು ನೋಟ್‌ಬುಕ್ ತಂದಿದ್ರು. ಈಗ ಓಡೋ ರೀತಿನೇ ಬದಲಾಗಿದೆ, ಇವು ಬೇಡ ಅಂದೆ. ಅವಳ ಎದುರಿಗೇ ಅಂದೆ. ಅನ್ಬಾರ್ದಿತ್ತು.”

ಅವಳ ರೂಮ್‌ಮೇಟ್ ಬೆಂಚಿನ ಮೇಲೆ ಕಾಲು ಚಾಚಿ ಸ್ನಾಯು ಎಳೆಯುತ್ತಿದ್ದಳು. ಮೂರು ವರ್ಷದಿಂದ ಎಲ್ಲ ಕೂಟದಲ್ಲೂ ಎರಡನೇ ಸ್ಥಾನ. ಕೇಂದ್ರದಲ್ಲಿ ಅವಳ ಹೆಸರೇ ಬೆಳ್ಳಿ ಎಂದಾಗಿಹೋಗಿತ್ತು.

“ಅವಳ ಮೇಲೆ ಹೊಟ್ಟೆಕಿಚ್ಚಾ?” ಎಂದು ಇನ್ಸ್‌ಪೆಕ್ಟರ್ ನೇರವಾಗಿ ಕೇಳಿದರು.

“ಇಲ್ದೆ ಏನು ಸರ್. ಅವಳು ನಿದ್ದೆ ಮಾಡೋದು ನೋಡಿದ್ರೂ ಉರಿಯುತ್ತೆ. ಎಂಟು ಗಂಟೆ, ಮಗ್ಗುಲು ಬದಲಾಯಿಸಲ್ಲ.”

“ಅವಳು ಹೋದ್ರೆ ಚಿನ್ನ ನಿಂಗೆ ಬರುತ್ತೆ.”

“ಕೊರಿಯರಲ್ಲಿ ಬರುತ್ತೆ ಸರ್. ಸಹಿ ಹಾಕಿ ತಗೋಬೇಕು. ಅದನ್ನ ಕುತ್ತಿಗೆಗೆ ಹಾಕ್ಕೊಂಡು ಎಲ್ಲಿ ನಿಲ್ಲಲಿ, ಗೇಟ್ ಹತ್ರ?” ಎಂದು ಇನ್ನೊಂದು ಕಾಲು ಚಾಚಿದಳು. “ನಂಗೆ ಅವಳನ್ನ ಓಡಿ ಸೋಲಿಸ್ಬೇಕು. ಈಗ ಅದಕ್ಕೂ ಕಲ್ಲು ಬಿತ್ತು.”

“ಅವತ್ತು ಏನಾದ್ರೂ ಬೇರೆ ಥರ ಕಂಡಿತ್ತಾ?”

ಬೆಳ್ಳಿ ಯೋಚಿಸಿದಳು. “ಓಟಕ್ಕೆ ಮುಂಚೆ ಮೂರು ಸಲ ಬಾತ್‌ರೂಮಿಗೆ ಹೋದ್ಲು. ಮೂರೂ ಮುಕ್ಕಾಲಿಂದ ಶುರು. ಯಾವತ್ತೂ ಒಂದೇ ಸಲ ಹೋಗೋದು. ಹೆದ್ರಿದಾಳೆ ಅಂದ್ಕೊಂಡು ಖುಷಿಪಟ್ಟೆ. ಕೊನೇ ತಿರುವಲ್ಲಿ ಅವಳ ಮೀನಖಂಡ ಗಂಟು ಕಟ್ತು, ನಾನು ಹಿಂದೇನೇ ಇದ್ದೆ, ಕಣ್ಣಾರೆ ಕಂಡೆ. ಇವತ್ತು ನಂದು ಅಂದ್ಕೊಂಡೆ. ಆದ್ರೂ ಹೋಗ್ಬಿಟ್ಲು.”

ದಾರಿಯಲ್ಲಿ ಟೇಪ್ ಮೂರು ಸಲ ಬೆಳ್ಳಿಯಾದ, ಒಂದು ಸಲ ಕೋಚ್ ಆದ. ಇನ್ಸ್‌ಪೆಕ್ಟರ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

“ಹೊಟ್ಟೆಕಿಚ್ಚನ್ನ ಬಾಯಲ್ಲಿ ಹೇಳೋರು ಕೈಯಲ್ಲಿ ಮಾಡಲ್ಲ ಕಣೋ,” ಎಂದರು.

ಬುಧವಾರ ಏಳರಂದು ಬೆಳಿಗ್ಗೆ ಹನ್ನೊಂದಕ್ಕೆ ಆಸ್ಪತ್ರೆಯ ವೈದ್ಯೆ ಪರೀಕ್ಷೆಯ ವರದಿಯನ್ನು ತಿರುವಿ ಹಾಕಿದರು. ಇದು ಶಕ್ತಿ ಕೊಡುವ ಔಷಧಿಯೇ ಅಲ್ಲ. ರಕ್ತದೊತ್ತಡ ಇರುವವರ ಮೈಯಲ್ಲಿ ನಿಂತ ನೀರನ್ನು ಇಳಿಸುವ ಮಾತ್ರೆ. ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ಬೇರೆ ಮದ್ದನ್ನು ಮೂತ್ರದಲ್ಲಿ ಮರೆಮಾಚಲು ಕೆಲವರು ಬಳಸುತ್ತಾರೆಂದು ಕ್ರೀಡೆಯಲ್ಲಿ ನಿಷೇಧ.

“ಪುಡಿ ಮಾಡಿ ಕೊಟ್ರೆ?”

“ಅರ್ಧ ಗಂಟೆ, ಮುಕ್ಕಾಲು ಗಂಟೆಗೆ ಶುರುವಾಗುತ್ತೆ. ಮೈಯಿಂದ ನೀರು, ಉಪ್ಪು ಎಲ್ಲ ಹೋಗ್ಬಿಡುತ್ತೆ. ಓಡೋ ಹುಡುಗಿ ಅಂದ್ರಲ್ಲ, ಸ್ನಾಯು ಹಿಡ್ಕೊಳ್ಳುತ್ತೆ. ಇದನ್ನ ತಗೊಂಡು ಗೆದ್ಲು ಅಂದ್ರೆ ನಂಬೋಕೆ ಕಷ್ಟ.”

ಇನ್ಸ್‌ಪೆಕ್ಟರ್ ಡೈರಿಯಲ್ಲಿ ಬರೆದುಕೊಂಡರು. ಬಾತ್‌ರೂಮು ಮೂರೂ ಮುಕ್ಕಾಲಿಗೆ. ಅಂದರೆ ಔಷಧಿ ಒಳಹೊಕ್ಕಿದ್ದು ಮೂರು ಗಂಟೆಯಿಂದ ಮೂರೂ ಕಾಲರ ಒಳಗೆ. ಗೆಲ್ಲಿಸಲು ಕೊಟ್ಟದ್ದಲ್ಲ, ಸೋಲಿಸಲು. ಅಡಿಯಲ್ಲಿ ಗೆರೆ ಎಳೆದರು, ನೀಲಿ ಶಾಯಿಯಲ್ಲೇ.

ಮಧ್ಯಾಹ್ನ ಹುಡುಗಿಯನ್ನು ಕರೆಸಿದರು. ಹನ್ನೆರಡೂವರೆಗೆ ಮೆಸ್ಸಿನಲ್ಲಿ ಎಲ್ಲರ ಜೊತೆ ಊಟ. ಎರಡಕ್ಕೆ ಅರ್ಧ ಬಾಟಲಿ ನೀರು. ಮೂರಕ್ಕೆ ಹಾಸ್ಟೆಲಿಂದ ಹೊರಟು ಅಭ್ಯಾಸದ ಮೈದಾನಕ್ಕೆ.

“ಮೂರರಿಂದ ಮೂರೂ ಕಾಲರವರೆಗೆ ಏನು ತಿಂದೆ?”

“ಏನೂ ಇಲ್ಲ ಸರ್.”

“ಕುಡಿದಿದ್ದು?”

“ಇಲ್ಲ ಸರ್.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವವರು ಇಷ್ಟು ನಿರಾಶೆಯಿಂದ ಹೇಳುವುದಿಲ್ಲ ಎಂದುಕೊಂಡರು ಇನ್ಸ್‌ಪೆಕ್ಟರ್. ಹಾಗಾದರೆ ಅವಳಿಗೇ ಗೊತ್ತಿಲ್ಲದ ಏನೋ ಇರಬೇಕು.

ಗುರುವಾರ ಎಂಟನೇ ತಾರೀಖು ಮಧ್ಯಾಹ್ನ ಮೂರಕ್ಕೆ ಅಂದಿನದನ್ನೆಲ್ಲ ಇದ್ದಂತೆಯೇ ಮತ್ತೆ ಮಾಡಿಸಿದರು. ಪಂಚರಾಗಿ ಕೇಂದ್ರದ ಗುಮಾಸ್ತ ಮತ್ತು ತೋಟದ ಮಾಲಿ. ಹುಡುಗಿಗೆ ಓಟದ ಉಡುಪು, ಬೂಟು, ಹೆಗಲಿಗೆ ಅದೇ ಚೀಲ. ಟೇಪ್‌ಗೆ ಅವತ್ತು ಹಬ್ಬವೋ ಹಬ್ಬ. ಧ್ವನಿವರ್ಧಕದ ಪ್ರಕಟಣೆಯೂ ಅವನೇ, ಕೋಚೂ ಅವನೇ, ಬಾಗಿಲಲ್ಲಿ ಚೀಟಿ ನೋಡುವವನೂ ಅವನೇ. “ಮಹಿಳೆಯರ ಎಂಟುನೂರು ಮೀಟರ್ ಸ್ಪರ್ಧಿಗಳು ದಯವಿಟ್ಟು ಗಮನಿಸಿ” ಎಂದು ಮೂಗಿನಲ್ಲಿ ಕೂಗಿದಾಗ ಮಾಲಿ ಗಾಬರಿಯಿಂದ ಕಂಬದ ಮೇಲೆ ಸ್ಪೀಕರ್ ಹುಡುಕಿದ. ಹುಡುಗಿಯೂ ಆರು ದಿನದಲ್ಲಿ ಮೊದಲ ಸಲ ನಕ್ಕಳು.

“ಯೋಚ್ನೆ ಮಾಡ್ಬೇಡ. ಅವತ್ತು ಹೇಗೆ ಹೋದ್ಯೋ ಹಾಗೆ ಹೋಗು,” ಎಂದರು ಇನ್ಸ್‌ಪೆಕ್ಟರ್.

ಹಾಸ್ಟೆಲಿನ ಮೆಟ್ಟಿಲಿಳಿದಳು. ಸೈಕಲ್ ಸ್ಟ್ಯಾಂಡ್ ದಾಟಿದಳು. ಅಲ್ಲಿಂದ ಮುಂದೆ ಉದ್ದಕ್ಕೂ ಹಸಿರು ಬಣ್ಣದ ಕಬ್ಬಿಣದ ಬೇಲಿ. ಆಚೆಗೆ ಸಾರ್ವಜನಿಕರ ದಾರಿ, ಈಚೆಗೆ ಓಡುವವರ ದಾರಿ. ಅವಳ ಕಣ್ಣು ಮೈದಾನದ ಕಡೆ ಇತ್ತು. ಏಳನೇ ಕಂಬದ ಹತ್ತಿರ ಹೆಜ್ಜೆ ನಿಧಾನವಾಯಿತು. ಬಲಗೈ ಎದ್ದು, ಅಂಗೈ ಮೇಲಾಗಿ, ಸರಳುಗಳ ನಡುವೆ ಮಣಿಕಟ್ಟಿನವರೆಗೆ ಆಚೆ ಹೋಯಿತು. ಅಲ್ಲೇ ನಿಂತಿತು. ಮೂರು ಸೆಕೆಂಡು, ನಾಲ್ಕು ಸೆಕೆಂಡು.

ಬೇಲಿಯ ಆಚೆ ಯಾರೂ ಇರಲಿಲ್ಲ. ಟೇಪ್ ಬಾಯಿ ತೆರೆದವನು ಯಾರ ದನಿಯೂ ಸಿಗದೆ ಮುಚ್ಚಿದ.

“ಏನದು?” ಎಂದರು ಇನ್ಸ್‌ಪೆಕ್ಟರ್.

“ಯಾವ್ದು ಸರ್?”

“ಕೈ.”

ಅವಳು ತನ್ನ ಕೈಯನ್ನು ನೋಡಿದಳು, ಬೇರೆ ಯಾರದ್ದೋ ಕೈಯನ್ನು ನೋಡುವ ಹಾಗೆ. “ಇದಾ? ದೊಡ್ಡಪ್ಪ ಗ್ಲೂಕೋಸ್ ಹಾಕ್ತಾರೆ. ಒಂದು ಚಮಚ. ನೆಕ್ಕೊಂಡು ಹೋಗ್ತೀನಿ. ಒಂದನೇ ಕ್ಲಾಸಿಂದ ಹಿಂಗೇ.”

“ಏನೂ ತಿನ್ನಲಿಲ್ಲ ಅಂದ್ಯಲ್ಲ.”

“ಅದು ತಿನ್ನೋದಲ್ವಲ್ಲ ಸರ್. ಬೂಟಿನ ಲೇಸ್ ಕಟ್ಕೊಳ್ಳೋ ಥರ. ಲೇಸ್ ಕಟ್ಕೊಂಡೆ ಅಂತ ಯಾರಾದ್ರೂ ಫಾರ್ಮಲ್ಲಿ ಬರೀತಾರಾ?”

“ಅವತ್ತು ರುಚಿ ಹೇಗಿತ್ತು?”

ಉತ್ತರ ನಾಲಿಗೆಯವರೆಗೆ ಬಂದಿದ್ದು ಅವಳ ಮುಖದಲ್ಲೇ ಕಾಣುತ್ತಿತ್ತು. ಬಂದದ್ದನ್ನು ನುಂಗಿದಳು. ಕೈಯನ್ನು ಮೆಲ್ಲಗೆ ಈಚೆ ಎಳೆದುಕೊಂಡು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

“ಸರ್, ಇನ್ನೊಂದು ಸಲ ಮೆಟ್ಟಿಲಿಂದ ಬರ್ತೀನಿ. ಕೈ ಹಾಕ್ದೆ ಬರ್ತೀನಿ.”

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಇನ್ಸ್‌ಪೆಕ್ಟರ್ ಮುಖ ನೋಡಿದ.

“ಹದಿನಾರಕ್ಕೆ ನಿನ್ನ ವಿಚಾರಣೆ,” ಎಂದರು ಅವರು. “ಹೆಂಗೆ ಬಂತು ಅಂತ ತೋರಿಸ್ದೆ ಇದ್ರೆ ಎರಡು ವರ್ಷ ಕೂರ್ತೀಯ. ನಿನ್ನ ಕೋಚ್ ಮೇಲೆ ಅನುಮಾನ ಹಂಗೇ ಇರುತ್ತೆ. ಅಷ್ಟು ಸಾಕಾ ನಿಂಗೆ?”

ಅವಳು ಬೇಲಿಗೆ ಒರಗಿ ಕೂತಳು. ಮಂಡಿಗಳು ಕಿವಿಯ ತನಕ ಬಂದವು. “ಕೊನೆಗೆ ಚೂರು ಕಹಿ ಇತ್ತು,” ಎಂದಳು. “ಡಬ್ಬಿ ಹಳೇದಾಯ್ತು ದೊಡ್ಡಪ್ಪ ಅಂದೆ. ಹೂಂ ಮರಿ, ಬೇರೆ ತರ್ತೀನಿ ಅಂದ್ರು.”

“ನೆಕ್ಕಿದ್ಮೇಲೆ ಕೈ ಎಲ್ಲಿ ಒರೆಸ್ಕೋತೀಯ?”

ಅದಕ್ಕೆ ಬಾಯಿ ಬೇಕಾಗಲಿಲ್ಲ. ಕೈ ತಾನಾಗಿ ಎದೆಯ ಕೆಳಗೆ, ಓಟದ ನಂಬರ್ ಚೀಟಿ ಚುಚ್ಚುವ ಜಾಗಕ್ಕೆ ಹೋಯಿತು.

ನಂಬರ್ ಚೀಟಿಗಳನ್ನು ಅವಳು ಎಸೆಯುತ್ತಿರಲಿಲ್ಲ. ಒಂದೊಂದರ ಹಿಂದೆ ತಾರೀಖು ಬರೆದು ಫೈಲಿನಲ್ಲಿ ಇಡುತ್ತಿದ್ದಳು. ಆ ಅಭ್ಯಾಸವೂ ದೊಡ್ಡಪ್ಪನದ್ದೇ. ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ಈ ವರ್ಷದ ಏಳು ಚೀಟಿಗಳನ್ನು ಪಂಚರ ಎದುರು ಜಪ್ತಿ ಮಾಡಿ, ಬೇರೆ ಬೇರೆ ಲಕೋಟೆಗೆ ಹಾಕಿ, ಅರಗು ಒತ್ತಿ ಪ್ರಯೋಗಾಲಯಕ್ಕೆ ಕಳಿಸಿದರು. ಫೈನಲಿನ ಚೀಟಿ ಮೂವತ್ತೊಂದು. ಅದರ ಬಲ ಮೂಲೆಯಲ್ಲಿ ಹೆಬ್ಬೆರಳಿನ ಅಗಲಕ್ಕೆ ಬಿಳಿಯ ಗುರುತಿತ್ತು.

ಶುಕ್ರವಾರ ಒಂಬತ್ತರಂದು ಬೆಳಿಗ್ಗೆ ಏಳೂವರೆಗೆ ಮೇಷ್ಟ್ರ ಮನೆಗೆ ಹೋದಾಗ ಅವರು ಶಾಲೆಯ ಮೈದಾನಕ್ಕೆ ಹೋಗಿದ್ದರು. ರಿಟೈರಾದ ಮೇಲೂ ದಿನಾ ಹೋಗುತ್ತಾರೆ ಎಂದರು ಅವರ ಹೆಂಡತಿ, ಹುಡುಗಿಯ ದೊಡ್ಡಮ್ಮ. ಕುರ್ಚಿಯಲ್ಲಿ ಕೂತು, ಕಾಲನ್ನು ಮಣೆಯ ಮೇಲಿಟ್ಟಿದ್ದರು.

ಗೋಡೆಯ ತುಂಬ ಮಿಡತೆ. ಒಂದನೇ ಕ್ಲಾಸಿನ ಮಿಡತೆ, ಹಲ್ಲು ಬಿದ್ದ ಮಿಡತೆ, ಗೆದ್ದ ಕಪ್ಪಿಗಿಂತ ಗಿಡ್ಡ ಇದ್ದ ಮಿಡತೆ. ಆಮೇಲೆ ಪತ್ರಿಕೆಯ ತುಣುಕುಗಳು. ಇತ್ತೀಚಿನ ತುಣುಕುಗಳಲ್ಲಿ ಹುಡುಗಿ ಒಂದು ಪಕ್ಕಕ್ಕೆ ಸರಿದು ನಿಂತಂತೆ ಕಾಣುತ್ತಿದ್ದಳು. ಇನ್ಸ್‌ಪೆಕ್ಟರ್ ಹತ್ತಿರ ಹೋಗಿ ನೋಡಿದರು. ಅವಳ ಹೆಗಲ ಮೇಲೆ ಇನ್ನೊಬ್ಬರ ನಾಲ್ಕು ಬೆರಳು ಇದ್ದವು. ಬೆರಳಿನ ಒಡೆಯನನ್ನು ಸ್ಕೇಲು ಇಟ್ಟು, ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿ ತೆಗೆದಿದ್ದರು. ಒಂದಲ್ಲ, ಒಂಬತ್ತು ಚಿತ್ರದಲ್ಲಿ. ಅವರಿಗೆ ತಮ್ಮ ಆಫೀಸಿನ ಡ್ರಾಯರಿನಲ್ಲಿ ಮಗುಚಿ ಇಟ್ಟ, ಸಾಹೇಬರ ಜೊತೆಗಿನ ಒಂದು ಗ್ರೂಪ್ ಫೋಟೋ ನೆನಪಾಯಿತು. ಅದನ್ನು ಕತ್ತರಿಸಿರಲಿಲ್ಲ, ಅಷ್ಟೆ.

“ಕಾಲಿಗೆ ಏನಾಗಿದೆಯಮ್ಮ?”

“ಬಿ.ಪಿ. ಅಲ್ವಾ, ನೀರು ನಿಂತು ಬಾತ್ಕೊಳ್ಳುತ್ತೆ. ಮಾತ್ರೆ ತಗೊಂಡ್ರೆ ಇಳಿಯುತ್ತೆ. ಹೋದ ತಿಂಗಳು ನೋಡಿ, ನಾಲ್ಕು ದಿನ ಮುಂಚೇನೇ ಮಾತ್ರೆ ಮುಗಿದ್ಹೋಯ್ತು. ಚಪ್ಪಲಿ ಹಿಡಿಸ್ದೆ ನಮ್ಮ ಮಗುವಿನ ಫೈನಲ್ಲೂ ಟಿವಿಯಲ್ಲೇ ನೋಡಿದ್ದು.”

“ಎರಡು ಸಲ ತಗೊಂಡ್ಬಿಟ್ರಾ, ಮರ್ತು?”

“ಡಬ್ಬಿಗೆ ಹಾಕ್ಕೊಡೋರು ಇವ್ರು. ದಿನಕ್ಕೊಂದು. ಇವ್ರ ಕೈಯಲ್ಲಿ ಲೆಕ್ಕ ತಪ್ಪಲ್ಲ. ಅಂಗಡಿಯವನೇ ಕಮ್ಮಿ ಕೊಟ್ಟಿರ್ಬೇಕು ಅಂದ್ರು. ಹಂಗಾದ್ರೆ ಇವತ್ತೇ ಹೋಗಿ ತನ್ನಿ ಅಂದ್ರೆ, ಇಲ್ಲ, ಹದಿನೆಂಟಕ್ಕೆ ತಾನೆ ತರೋದು ಅಂತ ಹದಿನೆಂಟಕ್ಕೇ ತಂದ್ರು.” ದೊಡ್ಡಮ್ಮ ನಕ್ಕರು. “ಪಿ.ಟಿ. ಮೇಷ್ಟ್ರು ಅಲ್ವಾ. ಸೀಟಿ ಊದೋಕೆ ಮುಂಚೆ ಹೆಜ್ಜೆ ಎತ್ತಲ್ಲ.”

ಟೇಪ್ ಆ ಮಾತನ್ನು ಬರೆದುಕೊಂಡ. ಹೊರಗೆ ಬಂದ ಮೇಲೂ ಅವನು ದೊಡ್ಡಮ್ಮನ ದನಿ ಮಾಡಲಿಲ್ಲ.

ಔಷಧಿ ಅಂಗಡಿಯ ಪುಸ್ತಕದಲ್ಲಿ ಪ್ರತಿ ತಿಂಗಳ ಹದಿನೆಂಟಕ್ಕೆ ಮೂವತ್ತು ಮಾತ್ರೆ, ಒಂದು ತಿಂಗಳೂ ತಪ್ಪಿಲ್ಲ. ವರದಿಯಲ್ಲಿದ್ದ ಔಷಧಿಯೇ. ಮಂಗಳವಾರ ಹದಿಮೂರರ ಸಂಜೆ ನಾಲ್ಕೂ ಕಾಲಿಗೆ ಪ್ರಯೋಗಾಲಯದಿಂದ ಉತ್ತರ ಬಂತು. ಏಳೂ ಚೀಟಿಗಳ ಮೇಲೆ ಗ್ಲೂಕೋಸ್ ಇದೆ. ಮೂವತ್ತೊಂದರ ಮೇಲೆ ಮಾತ್ರ ಗ್ಲೂಕೋಸಿನ ಜೊತೆ ಆ ಔಷಧಿಯೂ ಇದೆ.

ಬುಧವಾರ ಹದಿನಾಲ್ಕನೇ ತಾರೀಖು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಜೀಪು ಶಾಲೆಯ ಮೈದಾನದ ಅಂಚಿನಲ್ಲಿ ನಿಂತಿತು. ಶಾಲೆ ಶುರುವಾಗಲು ಇನ್ನೂ ಹೊತ್ತಿತ್ತು. ಮೇಷ್ಟ್ರು ಒಬ್ಬರೇ ಬಗ್ಗಿ, ತಗಡಿನ ಡಬ್ಬಿಯಿಂದ ಸುಣ್ಣದ ಪುಡಿ ಸುರಿಯುತ್ತ ಟ್ರ್ಯಾಕಿನ ಗೆರೆ ಹಾಕುತ್ತಿದ್ದರು. ಗೆರೆ ಒಂದು ಕೂದಲೂ ಆಚೀಚೆ ಹೋಗಿರಲಿಲ್ಲ. ಜೀಪು ನೋಡಿ ನೆಟ್ಟಗಾದರು.

“ಕೋಚ್‌ನ ಹಿಡಿದ್ರಾ?”

“ಮೂವತ್ತೊಂದನೇ ನಂಬರಿನ ಚೀಟಿ ಹಿಡಿದ್ವಿ ಮೇಷ್ಟ್ರೇ,” ಎಂದರು ಇನ್ಸ್‌ಪೆಕ್ಟರ್. “ಅವಳು ಅದಕ್ಕೆ ಕೈ ಒರೆಸ್ಕೊಂಡಿದ್ಲು.”

ಮೇಷ್ಟ್ರು ಡಬ್ಬಿಯನ್ನು ನೋಡಿದರು, ಹಾಕಿದ ಗೆರೆಯನ್ನು ನೋಡಿದರು. “ಈ ತಿರುವು ಒಂದು ಮುಗಿಸ್ಲಾ?” ಎಂದರು.

ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ತಿರುವು ಮುಗಿಯಲು ಆರು ನಿಮಿಷ ಹಿಡಿಯಿತು. ಟೇಪ್ ದೂರ ನಿಂತು ಗಡಿಯಾರ ನೋಡಿಕೊಂಡು ಡೈರಿಯಲ್ಲಿ ಅದನ್ನೂ ಬರೆದ. ಮುಗಿದ ಮೇಲೆ ಮೇಷ್ಟ್ರು ಮೆಟ್ಟಿಲ ಮೇಲೆ ಕೂತು, ಸುಣ್ಣ ಅಂಟಿದ ಬೆರಳುಗಳನ್ನು ಒಂದೊಂದಾಗಿ ಉಜ್ಜಿಕೊಂಡರು.

“ಎಷ್ಟು ಮಾತ್ರೆ?”

“ನಾಲ್ಕು.”

“ಯಾಕೆ?”

“ಸೋಲ್ಬೇಕಿತ್ತು, ಅಷ್ಟೆ. ಒಂದ್ಸಲ. ಕೊನೇ ನೂರು ಮೀಟರಲ್ಲಿ ಸ್ನಾಯು ಹಿಡ್ಕೊಂಡ್ರೆ ಅವಳು ನಿಂತ್ಬಿಡ್ತಾಳೆ. ಹೊಟ್ಟೆ ಹಿಡ್ಕೊಂಡು ಬಗ್ಗಿ ನಿಂತ್ಬಿಡ್ತಾಳೆ. ನಾನು ಎಷ್ಟು ಬಡ್ಕೊಂಡ್ರೂ ಆ ಒಂದು ಬುದ್ಧಿ ಹೋಗ್ಲಿಲ್ಲ. ಸೋತ್ರೆ ಎಲ್ರೂ ಅವನನ್ನ ಕೇಳ್ತಾರೆ, ಎರಡು ವರ್ಷದಲ್ಲಿ ಏನ್ ಕಲಿಸಿದೆ ಅಂತ. ಅವಳು ಅಳ್ತಾ ಮನೆಗೆ ಬರ್ತಾಳೆ. ಬೆಳಿಗ್ಗೆ ಎಬ್ಬಿಸಿ ಇಲ್ಲಿಗೆ ಕರ್ಕೊಂಡ್ ಬರ್ಬಹುದಿತ್ತು.”

“ಗೆದ್ದೋರಿಗೆ ಪರೀಕ್ಷೆ ಮಾಡ್ತಾರೆ ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಗೆಲ್ಲಲ್ಲ ಅಂತಾನೂ ಗೊತ್ತಿತ್ತು.” ಅವರ ದನಿಯ ಕವಾಯತು ಮೊದಲ ಸಲ ತಪ್ಪಿತು. “ನಿಲ್ಲಲಿಲ್ಲ ಸರ್. ನಾನು ನೋಡ್ತಾನೇ ಇದೀನಿ, ಎರಡೂ ಕಾಲು ಹೋಗಿದೆ, ನಿಲ್ತಾಳೆ ನಿಲ್ತಾಳೆ ಅಂತ ನೋಡ್ತಾನೇ ಇದೀನಿ. ನಿಲ್ಲಲಿಲ್ಲ. ನಂಗೆ ಹನ್ನೊಂದು ವರ್ಷದಲ್ಲಿ ಕಲಿಸೋಕೆ ಆಗದಿದ್ದನ್ನ ಅವನು ಎರಡು ವರ್ಷದಲ್ಲಿ ಕಲಿಸ್ಬಿಟ್ಟಿದ್ದ.”

“ನೋಟ್‌ಬುಕ್ ಬೇಡ ಅಂದ ಅನ್ನೋ ಸಿಟ್ಟಾ?”

“ಅದನ್ನ ನುಂಗ್ಕೊಂಡಿದ್ದೆ. ಈ ವರ್ಷ ಟಿವಿಯವ್ರು ಅವಳನ್ನ ಕೇಳಿದ್ರು, ಹೆಂಗಮ್ಮ ಇಷ್ಟು ಚೆನ್ನಾಗಿ ಓಡ್ತೀಯ ಅಂತ. ‘ಈಗ ತಾನೆ ಓಡೋಕೆ ಕಲೀತಾ ಇದೀನಿ’ ಅಂದ್ಲು.” ಮೇಷ್ಟ್ರು ಬೆರಳಿನ ಸುಣ್ಣವನ್ನು ಇನ್ನೊಮ್ಮೆ ಉಜ್ಜಿದರು. “ವಿನಯಕ್ಕೆ ಹೇಳಿದ್ದು. ನಾನೇ ಹೇಳ್ಕೊಟ್ಟಿದ್ದ ವಿನಯ. ಆದ್ರೂ ಅವತ್ತಿಂದ ನಿದ್ದೆ ಬರ್ಲಿಲ್ಲ.”

ಏಳು ಗಂಟೆ ನಲವತ್ತು ನಿಮಿಷಕ್ಕೆ ದಸ್ತಗಿರಿ ಆಯಿತು. ಜೀಪು ಹತ್ತುವಾಗ ಮೇಷ್ಟ್ರು, ಹೆಂಡತಿಯ ಮಾತ್ರೆಯನ್ನು ವಾರದ ಡಬ್ಬಿಗೆ ತುಂಬಿಸಿಟ್ಟಿಲ್ಲ, ಯಾರಾದರೂ ನೋಡಿಕೊಳ್ಳಬೇಕು ಎಂದರು. ಟೇಪ್ ತಾನೇ ಹೋಗಿ ಬರುವುದಾಗಿ ಹೇಳಿದ.

ಸಾಹೇಬರು ಹನ್ನೊಂದಕ್ಕೆ ಫೋನು ಮಾಡಿ, ಭಲೇ ಕೆಲಸ ಎಂದರು. ಪಂಚನಾಮೆ ಓದಿದೆ, ಪೂರ್ವದಿಂದ ಶುರು ಮಾಡಿದ್ದೀರಿ, ಈಗಲೂ ಬಿಟ್ಟಿಲ್ಲ ನೋಡಿ ಎಂದು ನಕ್ಕರು. ಇನ್ಸ್‌ಪೆಕ್ಟರಿಗೂ ಸ್ವಲ್ಪ ನಗು ಬಂತು. ಇಡೀ ನಗು ಬರಲಿಲ್ಲ.

ಹದಿನಾರರ ವಿಚಾರಣೆಯಲ್ಲಿ ಪೊಲೀಸ್ ದಾಖಲೆಗಳನ್ನು ಒಪ್ಪಿಕೊಂಡರು. ಹುಡುಗಿಯ ತಪ್ಪಿಲ್ಲ, ಅಮಾನತು ರದ್ದು, ಆಯ್ಕೆಗೆ ಓಡಬಹುದು. ಆದರೆ ಆ ದಿನದ ಓಟ ಮಾತ್ರ ದಾಖಲೆಯಿಂದ ಹೋಯಿತು. ಔಷಧಿ ಯಾರು ಹಾಕಿದರೂ ಮೈಯಲ್ಲಿದ್ದಷ್ಟು ಹೊತ್ತಿನ ಗೆಲುವು ಗೆಲುವಲ್ಲ ಎಂಬುದು ಅವರ ನಿಯಮ.

ಮಾರನೇ ದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವಳು ಹೇಳಿಕೆಗೆ ಸಹಿ ಹಾಕಲು ಠಾಣೆಗೆ ಬಂದಳು. ಒಬ್ಬಳೇ ಬಂದಿದ್ದಳು. ಓದಿ ನೋಡಿ ಸಹಿ ಹಾಕಿದಳು. ಪೆನ್ನು ಕೆಳಗಿಟ್ಟು, “ದೊಡ್ಡಪ್ಪ ಏನ್ ಹೇಳಿದ್ರು ಸರ್?” ಎಂದಳು.

ಹೇಳಬೇಕಾದ ಅಗತ್ಯ ಇರಲಿಲ್ಲ. ಇನ್ಸ್‌ಪೆಕ್ಟರ್ ಫೈಲು ತೆರೆದು ಆ ಸಾಲುಗಳನ್ನು ಓದಿದರು. ನಿಲ್ಲುತ್ತಾಳೆ ಅಂದುಕೊಂಡಿದ್ದೆ, ನನಗೆ ಕಲಿಸಲಾಗದ್ದನ್ನು ಅವನು ಕಲಿಸಿದ್ದ ಎಂಬ ಸಾಲುಗಳನ್ನು. ಓದುವಾಗ ಅವರ ದನಿಯೂ ‘ಅವನು’ ಎಂಬಲ್ಲಿ ಯಾಕೋ ಅರ್ಧ ಮೆಟ್ಟಿಲು ಏರಿತು.

“ನಿಲ್ಬೇಕು ಅಂತಾನೇ ಇದ್ದೆ ಸರ್,” ಎಂದಳು ಅವಳು. “ಕೊನೇ ತಿರುವಲ್ಲಿ ಕಾಲು ಎರಡೂ ಕಟ್ಟಿಗೆ ಆಗ್ಹೋಯ್ತು. ಕೋಚ್ ಹೇಳ್ಕೊಟ್ಟಿದ್ದು ಉಸಿರು, ಹೆಜ್ಜೆ, ಒಂದೂ ನೆನಪಿಗೆ ಬರ್ಲಿಲ್ಲ.”

“ಮತ್ತೆ ಯಾಕೆ ನಿಲ್ಲಲಿಲ್ಲ?”

“ಗ್ಯಾಲರಿಯ ಮೊದಲ್ನೇ ಸಾಲಲ್ಲಿ ದೊಡ್ಡಪ್ಪ ಎದ್ದು ನಿಂತಿದ್ದು ಕಾಣಿಸ್ತು. ಅವ್ರು ಯಾವತ್ತೂ ಓಟದ ಮಧ್ಯ ಎದ್ದು ನಿಲ್ಲಲ್ಲ. ಇವತ್ತು ನಾನು ಗೆಲ್ಲೋದನ್ನ ಅಷ್ಟು ಕಾಯ್ತಾ ಇದಾರೆ ಅಂದ್ಕೊಂಡೆ.”

ಹೊರಗೆ ಟೈಪ್ ಮಾಡುತ್ತಿದ್ದ ಟೇಪ್‌ನ ಬೆರಳು ನಿಂತಿತು.

“ಇದನ್ನ ಅವ್ರಿಗೆ ಹೇಳ್ಲಾ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿದಳು. “ಈಗ ಬೇಡ ಸರ್. ನಾನೇ ಹೋಗಿ ಹೇಳ್ತೀನಿ. ಯಾವತ್ತು ಅಂತ ಗೊತ್ತಿಲ್ಲ.”

ಹನ್ನೊಂದೂವರೆಗೆ ದೋಷಾರೋಪಣೆ ಪಟ್ಟಿಯ ಕರಡು ಮೇಜಿನ ಮೇಲೆ ಬಂತು. ‘ಉದ್ದೇಶ’ ಎಂಬ ಕಲಮು ಖಾಲಿ ಇತ್ತು. ಇನ್ಸ್‌ಪೆಕ್ಟರ್ ಪೆನ್ನು ತೆಗೆದುಕೊಂಡು, ಆರೋಪಿಯು ತಾನು ಚಿಕ್ಕಂದಿನಿಂದ ತರಬೇತಿ ಕೊಟ್ಟ ತಮ್ಮನ ಮಗಳು ಹೊಸ ತರಬೇತುದಾರನ ಬಳಿ ಮುಂದೆ ಬರುತ್ತಿರುವುದನ್ನು ಸಹಿಸಲಾಗದೆ, ಆಕೆ ಮರಳಿ ತನ್ನ ಬಳಿಗೇ ಬರಲೆಂಬ ಆಸೆಯಿಂದ ಈ ಕೃತ್ಯ ಎಸಗಿರುವುದು ತನಿಖೆಯಿಂದ ಕಂಡುಬಂದಿರುತ್ತದೆ ಎಂದು ಬರೆದರು. ಒಮ್ಮೆ ಓದಿದರು. ತಿದ್ದುವಂಥದ್ದು ಏನೂ ಕಾಣಲಿಲ್ಲ. ಸಹಿ ಹಾಕಿ ಕೆಳಗೆ ಸಮಯ ನಮೂದಿಸಿದರು.